ಬ್ಯಾಚ್ ನಂಬರ್ ಇಲ್ಲದ ಕ್ಯಾನ್: ಒಂದು ಅಪಾರ್ಟ್‌ಮೆಂಟಿನ ಸ್ಯಾನಿಟೈಸರ್ ಪ್ರಕರಣ

ಇದು ನಡೆದದ್ದು ಬೆಂಗಳೂರಿನ ವಿಜಯನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ. 36 ಮನೆ, ನಾಲ್ಕು ಮಹಡಿ, ಒಂದೇ ಲಿಫ್ಟ್. ಗೇಟಿನಲ್ಲಿ ಪಾಳಿಗೊಬ್ಬ ಸೆಕ್ಯುರಿಟಿ, ಹೌಸ್‌ಕೀಪಿಂಗ್‌ಗೆ ಇಬ್ಬರು ಹೆಂಗಸರು. ಕಾಲ 2020ರ ಮಾರ್ಚ್‌ನಿಂದ ಜೂನ್‌ವರೆಗೆ. ನಾನು ಅಲ್ಲಿನ ನಿವಾಸಿ. ಕೆಲಸ ಒಂದು ಔಷಧ ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್‌ನಲ್ಲಿ. ಅಂದರೆ ಯಾರೋ ಮಾಡಿದ್ದನ್ನು ಅನುಮಾನದಿಂದ ನೋಡುವುದೇ ನನ್ನ ಸಂಬಳದ ಕೆಲಸ. ಈ ಪ್ರಕರಣದಲ್ಲೂ ಅದೇ ಪಾತ್ರ ಸಿಕ್ಕಿತು.

ಅವತ್ತಿನ ಪರಿಸ್ಥಿತಿ ಎಲ್ಲರಿಗೂ ನೆನಪಿರುತ್ತೆ. ಮಾರ್ಚ್ 9ರಂದು ಬೆಂಗಳೂರಿನ ಮೊದಲ ಕೊರೊನಾ ಪ್ರಕರಣದ ಸುದ್ದಿ ಬಂತು. ಅದೇ ವಾರ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಕೊರೊನಾದಿಂದ ದೇಶದಲ್ಲಿ ಆದ ಮೊದಲ ಸಾವು ಅದು. ಮರುದಿನದಿಂದ ನಮ್ಮ ರಸ್ತೆಯ ಯಾವ ಮೆಡಿಕಲ್ ಶಾಪಿನಲ್ಲೂ ಸ್ಯಾನಿಟೈಸರ್ ಇಲ್ಲ. ಮಾರ್ಚ್ 13ರಂದು ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಸರನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. 200 ಮಿ.ಲೀ. ಬಾಟಲಿಗೆ 100 ರೂಪಾಯಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ ಅಂತ 21ರಂದು ಆದೇಶವೂ ಬಂತು. ಆದೇಶ ಬಂತು, ಬಾಟಲಿ ಬರಲಿಲ್ಲ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಮನೆಯಲ್ಲೇ ಜೆಲ್ ಮಾಡುವ ವಿಡಿಯೋಗಳು ಸಾಲಾಗಿ ಬಂದವು. ಎಲ್ಲದರ ತಿರುಳೂ ಒಂದೇ. ಎರಡು ಪಾಲು ಆಲ್ಕೋಹಾಲ್, ಒಂದು ಪಾಲು ಲೋಳೆಸರದ ತಿರುಳು, ಬೇಕಿದ್ದರೆ ಒಂದೆರಡು ತೊಟ್ಟು ನಿಂಬೆಹುಲ್ಲಿನ ಎಣ್ಣೆ. ಲೋಳೆಸರ ನಮ್ಮಲ್ಲಿ ಬೇಕಾದಷ್ಟಿತ್ತು. ಮೂರನೇ ಮಹಡಿಯ ಆಂಟಿ ಟೆರೇಸಿನಲ್ಲಿ ಕುಂಡಗಟ್ಟಲೆ ಬೆಳೆಸಿದ್ದರು. ಸೆಕ್ರೆಟರಿಗೆ ಪರಿಚಯದ ಮೆಡಿಕಲ್ ಶಾಪಿನಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಬಾಟಲಿಗಳು ಸಿಕ್ಕವು. ಇಷ್ಟಿದ್ದ ಮೇಲೆ ಇನ್ನೇನು ಬೇಕು?

ಮೊದಲ ಜೆಲ್

ಮಾಡಿದ್ದು ಆಂಟಿಯ ಅಡುಗೆಮನೆಯಲ್ಲಿ. ಎಲೆ ಸೀಳಿ, ತಿರುಳು ಕೆರೆದು, ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ಅದಕ್ಕೆ ಆಲ್ಕೋಹಾಲ್ ಸುರಿದರು. ಅವರು ಆಮೇಲೆ ನನಗೆ ಹೇಳಿದ್ದು ಹೀಗೆ: "ಸ್ಪಿರಿಟ್ ಬಿದ್ದ ತಕ್ಷಣ ಹಾಲು ಒಡೆದ ಹಾಗೆ ಆಯ್ತಪ್ಪಾ. ಬಿಳಿ ಎಳೆ ಎಳೆಯಾಗಿ ಮೇಲೆ ಬಂತು. ತಿರುಗಿಸಿದಷ್ಟೂ ಗಂಟು." ಅವರ ಕಣ್ಣು ಸರಿಯಾಗಿಯೇ ಹಿಡಿದಿತ್ತು. ತಾಜಾ ಲೋಳೆಸರ 100ಕ್ಕೆ 98-99 ಪಾಲು ನೀರು. ಅದನ್ನು ಲೋಳೆ ಮಾಡುವುದು ಉದ್ದುದ್ದ ಸಕ್ಕರೆ ಅಣುಗಳ ಸರಪಳಿಗಳು. ಅವು ನೀರಿನಲ್ಲಿ ಕರಗಿರುತ್ತವೆ, ಆಲ್ಕೋಹಾಲ್ ಜಾಸ್ತಿ ಆದರೆ ಹೊರಗೆ ಬೀಳುತ್ತವೆ. ಲ್ಯಾಬಿನಲ್ಲಿ ಲೋಳೆಸರದಿಂದ ಆ ವಸ್ತುವನ್ನು ಬೇರೆ ಮಾಡಬೇಕಾದರೆ ಆಲ್ಕೋಹಾಲನ್ನೇ ಸುರಿಯುತ್ತಾರೆ. ಅಂದರೆ ಜೆಲ್ ಆಗಬೇಕಿದ್ದ ಭಾಗವೇ ಮೊದಲು ಬಿಟ್ಟುಹೋಯಿತು. ಉಳಿದದ್ದು ತೆಳ್ಳಗಿನ ನೀರು, ಮೇಲೆ ತೇಲುವ ಎಳೆ.

ವಿಡಿಯೋಗಳಲ್ಲಿ ಹೀಗಾಗುವುದಿಲ್ಲ, ಯಾಕಂದರೆ ಅಲ್ಲಿ ಹಾಕುವುದು ಅಂಗಡಿಯ ಹಸಿರು ಟ್ಯೂಬಿನ ಜೆಲ್. ಅಂಥದ್ದರಲ್ಲಿ ಗಟ್ಟಿ ಮಾಡಲು ಸಾಮಾನ್ಯವಾಗಿ ಕಾರ್ಬೋಮರ್ ಥರದ್ದು ಬೇರೆಯೇ ಇರುತ್ತೆ.

ಆಂಟಿ ಬಿಡಲಿಲ್ಲ. ಮತ್ತೆ ಸೋಸಿ, ಇನ್ನಷ್ಟು ತಿರುಳು ಸೇರಿಸಿ ಸ್ವಲ್ಪ ಗಟ್ಟಿ ಮಾಡಿದರು. ಅದು ಪಂಪ್ ಇರುವ ಹಳೇ ಶಾಂಪೂ ಬಾಟಲಿಗಳಿಗೆ ಹೋಯಿತು. ಒಂದು ಗೇಟಿಗೆ, ಒಂದು ಲಿಫ್ಟಿನ ಪಕ್ಕಕ್ಕೆ, ಒಂದು ಹೌಸ್‌ಕೀಪಿಂಗ್‌ನವರಿಗೆ. ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು ಬಿದ್ದವು.

ಕೆಲವೇ ದಿನದಲ್ಲಿ ಜೆಲ್ ಕೆಂಪು ಕಂದು ಬಣ್ಣಕ್ಕೆ ತಿರುಗಿತು. ಪಂಪಿನ ಬಾಯಿಗೆ ಎಳೆ ಕಟ್ಟಿಕೊಂಡಿತು. ಹೌಸ್‌ಕೀಪಿಂಗ್‌ನ ಅಕ್ಕ ಬಂದು ಅಂಗೈ ತೋರಿಸಿದರು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಬಿರುಕು ಬಿಟ್ಟಿತ್ತು. "ಉರಿ ಸಾರ್, ಅನ್ನ ಕಲಸೋಕೆ ಆಗ್ತಿಲ್ಲ" ಅಂದರು. ಲೋಳೆಸರದ ಸಿಪ್ಪೆಯ ಕೆಳಗೆ ಹಳದಿ ರಸ ಇರುತ್ತೆ. ಎಲೆ ಸೀಳಿದ ಮೇಲೆ ಅದನ್ನು ಬಸಿಯಲು ಬಿಡದಿದ್ದರೆ ತಿರುಳಿನ ಜೊತೆ ಬರುತ್ತೆ, ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ. ಆ ಅಕ್ಕ ದಿನವಿಡೀ ಬ್ಲೀಚಿಂಗ್ ಪುಡಿಯ ನೀರಲ್ಲೂ ಕೈ ಅದ್ದುತ್ತಿದ್ದರು. ಎರಡೂ ಸೇರಿ ಆಗಿರಬೇಕು. ಅವತ್ತಿನಿಂದ ಅವರಿಗೆ ರಬ್ಬರ್ ಗ್ಲೌಸ್ ತರಿಸಿದೆವು. ಅದನ್ನು ಮೊದಲೇ ಕೊಡಬೇಕಿತ್ತು ಅನ್ನುವುದು ಬೇರೆ ಮಾತು, ಅಪಾರ್ಟ್‌ಮೆಂಟುಗಳಲ್ಲಿ ಇಂಥದ್ದು ಯಾರಾದರೂ ಕೈ ತೋರಿಸಿದ ಮೇಲೇ ನೆನಪಾಗುತ್ತೆ.

ಬೆಸ್ಕಾಂ ಬಿಲ್ಲಿನ ಹಿಂಬದಿ

ಸೆಕ್ರೆಟರಿ ನನ್ನನ್ನೂ ಮೊದಲ ಮಹಡಿಯ ಮೇಷ್ಟ್ರನ್ನೂ ಕರೆದರು. ಮೇಷ್ಟ್ರು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದವರು. ಇಬ್ಬರೂ ಮೊದಲು ಕೇಳಿದ್ದು ಖಾಲಿ ಬಾಟಲಿ. ಅದರ ಮೇಲೆ 70% ಅಂತ ಇತ್ತು. ಮೇಷ್ಟ್ರು ಜೇಬಿನಿಂದ ಬೆಸ್ಕಾಂ ಬಿಲ್ ತೆಗೆದು ಹಿಂಬದಿಯಲ್ಲಿ ಲೆಕ್ಕ ಬರೆದರು. 70 ಗುಣಿಸು 2, ಭಾಗಿಸು 3. ಉತ್ತರ 46.7.

ವಿಡಿಯೋದವರು ಹೇಳಿದ ಎರಡಕ್ಕೆ ಒಂದು ಲೆಕ್ಕ 99% ಆಲ್ಕೋಹಾಲಿಗೆ. ಅದಾದರೆ 66% ಬರುತ್ತೆ, ಐಸೊಪ್ರೊಪೈಲಿಗೆ ಅದೂ ಸ್ವಲ್ಪ ಕಡಿಮೆಯೇ. 70ರ ಬಾಟಲಿಗೆ ಅದೇ ಅಳತೆ ಹಾಕಿದರೆ 47ರ ಹತ್ತಿರ. ಆಂಟಿ ಗಟ್ಟಿಯಾಗಲಿ ಅಂತ ಇನ್ನಷ್ಟು ತಿರುಳು ಹಾಕಿದ್ದರಿಂದ ನಮ್ಮದು ಅದಕ್ಕೂ ಕೆಳಗೆ. ನಮ್ಮ ದೇಶದ ಅಂಗಡಿಯ ವಿಸ್ಕಿ, ರಮ್ಮು 42.8%. ಗೇಟಿನಲ್ಲಿ ಒಂದು ವಾರ ಎಲ್ಲರೂ ಹೆಚ್ಚುಕಡಿಮೆ ಅದನ್ನೇ ಕೈಗೆ ಬಳಿದುಕೊಂಡಿದ್ದರು ಅಂತಾಯ್ತು. ಅಷ್ಟರಲ್ಲಿ ಒಬ್ಬರು ವೋಡ್ಕಾ ಆಗಲ್ವಾ ಅಂತ ಗುಂಪಿನಲ್ಲಿ ಕೇಳಿದರು. ಆಗುವುದಿಲ್ಲ, ಇದೇ ಕಾರಣಕ್ಕೆ.

ಕೈಗೆ ಹಚ್ಚುವುದರಲ್ಲಿ ಎಥನಾಲ್ (ಮದ್ಯದಲ್ಲಿರುವ ಆಲ್ಕೋಹಾಲ್) ಆದರೆ ಕನಿಷ್ಠ 60%, ಐಸೊಪ್ರೊಪೈಲ್ ಆದರೆ ಕನಿಷ್ಠ 70% ಇರಬೇಕು ಅನ್ನುವುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಗಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಥನಾಲ್ 80%, ಐಸೊಪ್ರೊಪೈಲ್ 75%. ಈ ಕೊರೊನಾ ವೈರಸ್ಸಿನ ಹೊರಗೆ ಕೊಬ್ಬಿನ ಪೊರೆ ಇರುತ್ತೆ. ಆಲ್ಕೋಹಾಲ್ ಆ ಪೊರೆಯನ್ನು ಬಿಡಿಸುತ್ತೆ, ಪ್ರೋಟೀನನ್ನು ಕೆಡಿಸುತ್ತೆ. ಪ್ರೋಟೀನ್ ಕೆಡಿಸುವುದಕ್ಕೆ ಸ್ವಲ್ಪ ನೀರೂ ಬೇಕು. ಅದಕ್ಕೇ 99% ನೇರವಾಗಿ ಹಚ್ಚಿದರೆ ಒಳ್ಳೆಯದು ಅನ್ನುವುದೂ ತಪ್ಪು. ಅದು ಕೆಲಸ ಮುಗಿಸುವ ಮೊದಲೇ ಆರಿಹೋಗುತ್ತೆ, ಚರ್ಮದ ಎಣ್ಣೆಯನ್ನೆಲ್ಲ ಎಳೆದುಕೊಂಡು ಹೋಗುತ್ತೆ.

ಆಂಟಿ ಬೇಜಾರು ಮಾಡಿಕೊಂಡರು. ಮೇಷ್ಟ್ರು, "ನೀವು ಮಾಡಿದ್ದರಲ್ಲಿ ತಪ್ಪಿಲ್ಲಮ್ಮಾ, ವಿಡಿಯೋದವನು ಯಾವ ಬಾಟಲಿ ಅಂತ ಹೇಳಲಿಲ್ಲ" ಅಂದರು. ನನ್ನ ಪ್ರಕಾರವೂ ಅಷ್ಟೇ. ಅಡುಗೆಯಲ್ಲಿ ಪಾಲು ಹೇಳಿದರೆ ಸಾಕು, ಏಕೆಂದರೆ ಅಕ್ಕಿ ಎಲ್ಲ ಮನೆಯಲ್ಲೂ ಅಕ್ಕಿಯೇ. ಇಲ್ಲಿ ಹಾಗಲ್ಲ. ಯಾವ ಬಲದ ಆಲ್ಕೋಹಾಲ್ ಅಂತ ಹೇಳದೆ ಪಾಲು ಹೇಳುವವನು ಏನೂ ಹೇಳಿದಂತಾಗಲಿಲ್ಲ.

78 ಗ್ರಾಂ

ನಿಜವಾದ ಪ್ರಕರಣ ಇಲ್ಲಿಂದ ಶುರು.

ಮೊದಲ ಜೆಲ್ ಬಿಟ್ಟು ಸರಿಯಾಗಿ ಮಾಡೋಣ ಅಂತ ತೀರ್ಮಾನ ಆದ ಮರುದಿನವೇ ಎರಡನೇ ಮಹಡಿಯವರೊಬ್ಬರು ಐದು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನ್ ತಂದಿಟ್ಟರು. ಪೇಟೆ ಕಡೆಯ ಒಂದು ಕೆಮಿಕಲ್ ಅಂಗಡಿಯಿಂದ ತಂದದ್ದು, ಮಾಮೂಲಿಗಿಂತ ದುಪ್ಪಟ್ಟು ಬೆಲೆ. ಕ್ಯಾನಿನ ಮೇಲೆ ಮಾರ್ಕರಿನಲ್ಲಿ "ಐಪಿಎ 99", ಅಂದರೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಅಂತ ಬರೆದಿತ್ತು. ಕಂಪನಿ ಹೆಸರಿಲ್ಲ, ಬ್ಯಾಚ್ ನಂಬರ್ ಇಲ್ಲ, ತಯಾರಾದ ತಾರೀಖಿಲ್ಲ. ಮುಚ್ಚಳಕ್ಕೆ ಸೀಲೂ ಇಲ್ಲ. ದೊಡ್ಡ ಡ್ರಮ್ಮಿನಿಂದ ಬಗ್ಗಿಸಿ ಕೊಟ್ಟದ್ದು ನೋಡಿದರೇ ಗೊತ್ತಾಗುತ್ತಿತ್ತು.

ನೀರು ಬೆರೆತಿದೆಯೋ ಇಲ್ಲವೋ ಅನ್ನುವುದನ್ನು ಮನೆಯಲ್ಲೇ ನೋಡಬಹುದು. ಮೇಷ್ಟ್ರ ಹತ್ತಿರ ಗಾಜಿನ ಅಳತೆ ಸಿಲಿಂಡರ್ ಇತ್ತು, ಆಂಟಿಯ ಹತ್ತಿರ ಕೇಕ್ ಮಾಡುವ ತೂಕದ ಮಷೀನ್. ಸಿಲಿಂಡರನ್ನು ಮಷೀನಿನ ಮೇಲಿಟ್ಟು ಸೊನ್ನೆ ಮಾಡಿ, 100 ಮಿ.ಲೀ. ಗೆರೆಗೆ ಸರಿಯಾಗಿ ಸುರಿಯಬೇಕು. ನೀರಾದರೆ 100 ಗ್ರಾಂ. 70%ನ ಐಸೊಪ್ರೊಪೈಲ್ ಆದರೆ 88ರ ಆಸುಪಾಸು. ಶುದ್ಧವಾದರೆ 20 ಡಿಗ್ರಿಯಲ್ಲಿ 78.5, ಮಾರ್ಚ್ ತಿಂಗಳ ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಕಡಿಮೆ. ಕ್ಯಾನಿನದ್ದು 78 ತೋರಿಸಿತು.

"ಸರಿಯಾಗೇ ಇದೆಯಲ್ಲ ಸಾರ್, ಅವನು ಮೋಸ ಮಾಡಿಲ್ಲ" ಅಂದರು ಎರಡನೇ ಮಹಡಿಯವರು. ಅವರಿಗೆ ಖುಷಿ. ಮೇಷ್ಟ್ರ ಮುಖ ಮಾತ್ರ ಅರಳಲಿಲ್ಲ.

ತೂಕ ಹೇಳಿದ್ದು ಒಂದೇ ಮಾತು: ಇದರಲ್ಲಿ ನೀರಿಲ್ಲ. ಇದು ಯಾವ ಆಲ್ಕೋಹಾಲ್ ಅಂತ ಅದು ಹೇಳಲಿಲ್ಲ, ಹೇಳುವುದಕ್ಕೂ ಆಗುವುದಿಲ್ಲ. 20 ಡಿಗ್ರಿಯಲ್ಲಿ 100 ಮಿ.ಲೀ. ಐಸೊಪ್ರೊಪೈಲ್ 78.5 ಗ್ರಾಂ. ಎಥನಾಲ್ 78.9. ಮೆಥನಾಲ್ 79.1. ಅಡುಗೆಮನೆಯ ಮಷೀನಿಗೆ ಮೂರೂ ಒಂದೇ. ಮೂರೂ ಬಣ್ಣವಿಲ್ಲದ ನೀರಿನಂಥವು, ಮೂರಕ್ಕೂ ಸ್ಪಿರಿಟ್ ವಾಸನೆ, ಮೂರೂ ಹೊತ್ತಿಕೊಳ್ಳುತ್ತವೆ. ಆದರೆ ಮೆಥನಾಲ್ ವಿಷ. ಮೈಗೆ ಸೇರಿದ ಮೇಲೆ ಅದು ಫಾರ್ಮಿಕ್ ಆಸಿಡ್ ಆಗುತ್ತೆ, ಕಣ್ಣಿನ ನರ ಹಾಳು ಮಾಡುತ್ತೆ. ಚರ್ಮದ ಮೂಲಕವೂ ಒಳಗೆ ಹೋಗುತ್ತೆ.

ಮೆಥನಾಲ್ ಹೆಸರು ಬೆಂಗಳೂರಿಗೆ ಹೊಸದಲ್ಲ. 1981ರ ಜುಲೈನಲ್ಲಿ ಕಳ್ಳಭಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಈ ಊರಿನವರೇ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯಾಚೆ ಕೃಷ್ಣಗಿರಿಯಲ್ಲಿ ಮತ್ತೆ ನೂರಕ್ಕಿಂತ ಜಾಸ್ತಿ ಸಾವು. ಎರಡರಲ್ಲೂ ಮೆಥನಾಲೇ. ಮೇಷ್ಟ್ರಿಗೆ 1981 ಚೆನ್ನಾಗಿ ನೆನಪಿತ್ತು. ಅವರು ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದರಂತೆ. ತರಗತಿಯಲ್ಲಿ ಹುಡುಗರು ಕೇಳಿದ್ದು ಒಂದೇ ಪ್ರಶ್ನೆ: ವಾಸನೆ ನೋಡಿ ಗೊತ್ತಾಗಲ್ವಾ ಸಾರ್? ಗೊತ್ತಾಗಲ್ಲ.

ಎರಡನೇ ಮಹಡಿಯವರು ಸುಮ್ನೆ ಬಿಡಲಿಲ್ಲ. ಒಂದು ಚಮಚ ಹಚ್ಚಿ ನೋಡೋಣ, ಬೆಂಕಿಯ ಬಣ್ಣದಿಂದ ಗೊತ್ತಾಗುತ್ತೆ ಅಂತ ಎಲ್ಲೋ ಓದಿದ್ದರು. ಎರಡು ಆಲ್ಕೋಹಾಲ್ ಬೆರೆತಿದ್ದರೆ ಜ್ವಾಲೆಯ ಬಣ್ಣ ನೋಡಿ ಯಾರೂ ಹೇಳಲಾರರು. ಸುರಕ್ಷಿತ ಅಂತ ಹೇಳುವುದಕ್ಕಂತೂ ಆಗುವುದೇ ಇಲ್ಲ. ಇದನ್ನು ಸರಿಯಾಗಿ ನೋಡಬೇಕಾದರೆ ಗ್ಯಾಸ್ ಕ್ರೊಮಟೋಗ್ರಾಫ್ ಬೇಕು, ಅಂದರೆ ಬೆರೆತಿರುವುದನ್ನು ಬೇರೆ ಬೇರೆ ಮಾಡಿ ಏನೇನಿದೆ ಅಂತ ತೋರಿಸುವ ಯಂತ್ರ. ಅದು ನಮ್ಮ ಕಾರ್ಖಾನೆಯಲ್ಲಿದೆ, ಆದರೆ ಹೊರಗಿನ ಸ್ಯಾಂಪಲ್ಲನ್ನು ಸುಮ್ನೆ ಒಳಗೆ ತಗೊಂಡು ಹೋಗುವ ಹಾಗಿಲ್ಲ. ತಗೊಂಡು ಹೋಗಿ ಅಂತ ಸೆಕ್ರೆಟರಿ ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ.

ಆ ಕ್ಯಾನಿನಲ್ಲಿ ಮೆಥನಾಲ್ ಇತ್ತು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಐಸೊಪ್ರೊಪೈಲೇ ಇದ್ದಿರಬಹುದು. ಅದನ್ನು ತೋರಿಸುವ ಕಾಗದ ಯಾವುದೂ ಜೊತೆಗೆ ಬಂದಿರಲಿಲ್ಲ ಅನ್ನುವುದಷ್ಟೇ ತಕರಾರು. ಕಾರ್ಖಾನೆಯಲ್ಲಿ ಲೇಬಲ್ ಇಲ್ಲದ ಡ್ರಮ್ ಬಂದರೆ ಒಳಗೆ ಏನಿದೆ ಅಂತ ಚರ್ಚೆ ಮಾಡುತ್ತಾ ಕೂರುವುದಿಲ್ಲ, ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುತ್ತೇವೆ. ಇಲ್ಲೂ ಅದನ್ನೇ ಮಾಡಿದೆವು. ನೆಲ ಒರೆಸೋಕಾದರೂ ಬಳಸೋಣ ಅನ್ನುವ ಮಾತೂ ಬಂತು. ನೆಲ ಒರೆಸುವ ಕೈ ಯಾರದ್ದು?

ಅಂಗಡಿಯವನು ಮೊದಲು ವಾಪಸ್ ತಗೊಳ್ಳಲ್ಲ ಅಂದ. ಆಮೇಲೆ ಅರ್ಧ ದುಡ್ಡಿಗೆ ಒಪ್ಪಿದ. ಉಳಿದರ್ಧ ಅಸೋಸಿಯೇಷನ್ ಲೆಕ್ಕದಲ್ಲಿ "ಇತರೆ ಖರ್ಚು" ಆಯಿತು. ವಾರ್ಷಿಕ ಸಭೆಯಲ್ಲಿ ಅದರ ಬಗ್ಗೆ ಅರ್ಧ ಗಂಟೆ ಜಗಳವೂ ಆಯಿತು.

ಸೀಲ್ ಬಾಟಲಿ

ಮಾರ್ಚ್ 21, ಶನಿವಾರ. ಮರುದಿನ ಜನತಾ ಕರ್ಫ್ಯೂ. ಮೇಷ್ಟ್ರು ತಮ್ಮ ಹಳೇ ಕಾಲೇಜಿಗೆ ಸಾಮಾನು ಕೊಡುತ್ತಿದ್ದ ಲ್ಯಾಬ್ ಕೆಮಿಕಲ್ ಅಂಗಡಿಗೆ ಹೋಗಿ ಎರಡೂವರೆ ಲೀಟರಿನ ಕಂದು ಗಾಜಿನ ಬಾಟಲಿ ತಂದರು. ಸೀಲ್ ಒಡೆದಿಲ್ಲ. ಲೇಬಲ್ಲಿನಲ್ಲಿ ತಯಾರಕರ ಹೆಸರು, ಬ್ಯಾಚ್, ಶುದ್ಧತೆ 99.5% ಎಲ್ಲ ಇತ್ತು. ಬೆಲೆಯೂ ಜೋರಾಗೇ ಇತ್ತು.

ಸೂತ್ರ ವಿಶ್ವ ಆರೋಗ್ಯ ಸಂಸ್ಥೆಯದ್ದು. ಹತ್ತು ಲೀಟರಿಗೆ 99.8%ನ ಐಸೊಪ್ರೊಪೈಲ್ 7515 ಮಿ.ಲೀ., 3%ನ ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., 98%ನ ಗ್ಲಿಸರಿನ್ 145 ಮಿ.ಲೀ., ಉಳಿದದ್ದು ಕುದಿಸಿ ಆರಿಸಿದ ನೀರು. ನಮ್ಮ ಎರಡೂವರೆ ಲೀಟರಿಗೆ ಇಳಿಸಿದರೆ ಒಟ್ಟು 3.3 ಲೀಟರ್ ಆಗುತ್ತೆ. ಗ್ಲಿಸರಿನ್ 48 ಮಿ.ಲೀ. ಸಾಕು. ಗ್ಲಿಸರಿನ್ ಇರುವುದು ಕೈ ಒಣಗದಿರಲಿ ಅಂತ ಮಾತ್ರ. ಆಂಟಿ ಇನ್ನೂ ಸ್ವಲ್ಪ ಹಾಕೋಣ, ಮೆತ್ತಗಿರುತ್ತೆ ಅಂದರು. ಜಾಸ್ತಿ ಆದರೆ ಕೈ ಅಂಟಂಟಾಗುತ್ತೆ, ಆಮೇಲೆ ಯಾರೂ ಹಚ್ಚಿಕೊಳ್ಳುವುದಿಲ್ಲ.

ಪೆರಾಕ್ಸೈಡಿನಲ್ಲಿ ಇನ್ನೊಂದು ಗುಂಡಿ ಇತ್ತು. ಮೆಡಿಕಲ್ ಶಾಪಿನ ಬಾಟಲಿಯ ಮೇಲೆ ಶೇಕಡಾ ಬದಲು "20 ವಾಲ್ಯೂಮ್" ಅಂತ ಇರುತ್ತೆ. 20 ವಾಲ್ಯೂಮ್ ಅಂದರೆ 6%. ಸೂತ್ರ ಕೇಳುವುದು 3%. ಅದಕ್ಕೆ 139 ಮಿ.ಲೀ. ಬದಲು ಅರ್ಧ, ಅಂದರೆ 70 ಮಿ.ಲೀ. ಹಾಕಿದೆವು. ಇದು ಕೈಯ ಕ್ರಿಮಿಗೆ ಅಲ್ಲ. ಬಾಟಲಿಯಲ್ಲೋ ನೀರಿನಲ್ಲೋ ಉಳಿದ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ, ಅವುಗಳಿಗೆ ಪೆರಾಕ್ಸೈಡ್. ಅದು ಕೆಲಸ ಮಾಡಲು ತುಂಬಿದ ಮೇಲೆ 72 ಗಂಟೆ ಮುಚ್ಚಿಡಬೇಕು. ಎಲ್ಲರಿಗೂ ಅವಸರ ಇದ್ದ ಕಾಲದಲ್ಲಿ ಮೂರು ದಿನ ಕಾಯಿಸಿದ್ದೇ ದೊಡ್ಡ ಸಾಹಸ.

ನೀರನ್ನು ಬೇರೆ ಅಳೆದು ಹಾಕಬಾರದು. ಆಲ್ಕೋಹಾಲ್ ಮತ್ತು ನೀರು ಸೇರಿದಾಗ ಒಟ್ಟು ಗಾತ್ರ ಕುಗ್ಗುತ್ತೆ. ಮುಕ್ಕಾಲು ಲೀಟರಿಗೆ ಕಾಲು ಲೀಟರ್ ಸೇರಿಸಿದರೆ ಒಂದು ಲೀಟರ್ ಬರುವುದಿಲ್ಲ. ಅದಕ್ಕೆ ಬಕೆಟ್ಟಿಗೆ ಮೊದಲೇ 3.3 ಲೀಟರ್ ನೀರು ಅಳೆದು ಸುರಿದು, ಹೊರಗೆ ಗೆರೆ ಹಾಕಿ, ಚೆಲ್ಲಿ ಒರೆಸಿ ಒಣಗಿಸಿಟ್ಟಿದ್ದೆವು. ಎಲ್ಲ ಹಾಕಿದ ಮೇಲೆ ಆ ಗೆರೆಯವರೆಗೆ ನೀರು ತುಂಬಿದೆವು. ಮೇಷ್ಟ್ರು ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ಗೆರೆಯ ಮಟ್ಟಕ್ಕೆ ಇಳಿಸಿ, "ಇನ್ನೊಂದು ಲೋಟ... ಇನ್ನೂ ಅರ್ಧ... ಸಾಕು ಸಾಕು!" ಅಂತ ಹೇಳುತ್ತಿದ್ದರು. ಬೆರೆಸಿದ ಮೇಲೆ ಮತ್ತೆ 100 ಮಿ.ಲೀ. ತೂಗಿದೆವು. 70ರದ್ದಕ್ಕಿಂತ ಒಂದೆರಡು ಗ್ರಾಂ ಹಗುರ ಬರಬೇಕು, ಬಂತು.

ಇದೆಲ್ಲ ಅಡುಗೆಮನೆಯಲ್ಲಿ ನಡೆದದ್ದಲ್ಲ. 75% ಐಸೊಪ್ರೊಪೈಲಿನ ಆವಿ 19 ಡಿಗ್ರಿಯಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತೆ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ 30 ದಾಟಿರುತ್ತೆ. ಆವಿ ಗಾಳಿಗಿಂತ ಭಾರ, ಮೇಲೆ ಹೋಗದೆ ನೆಲ ಹಿಡಿದು ಹರಡುತ್ತೆ. ಮೊದಲ ಜೆಲ್ ಮಾಡಿದ್ದು ಗ್ಯಾಸ್ ಒಲೆಯಿಂದ ಎರಡು ಮಾರು ದೂರದಲ್ಲಿ, ಪಕ್ಕದ ಕೋಣೆಯಲ್ಲಿ ದೇವರ ದೀಪ ಉರಿಯುತ್ತಿತ್ತು ಅಂತ ಆಂಟಿ ಹೇಳಿದಾಗ ನನಗೆ ಬೆವರಿತು. ಎರಡನೆಯದನ್ನು ಟೆರೇಸಿನ ನೆರಳಲ್ಲಿ, ಸಂಜೆ, ಮೊಬೈಲುಗಳನ್ನು ದೂರ ಇಟ್ಟು ಮಾಡಿದೆವು. ತುಂಬಿದ ಬಾಟಲಿಗಳನ್ನು ಬೇಸ್‌ಮೆಂಟಿನ ಮೀಟರ್ ರೂಮಿನಲ್ಲಿ ಬೀಗ ಹಾಕಿಡೋಣ ಅಂತ ಸೆಕ್ರೆಟರಿ ಹೇಳಿದರು. ಕಳ್ಳತನ ಆಗಬಾರದು ಅನ್ನುವುದು ಅವರ ಚಿಂತೆ. ವಿದ್ಯುತ್ ಮೀಟರುಗಳ ಸಾಲಿನ ಕೆಳಗೆ, ಗಾಳಿಯಾಡದ ಕೋಣೆ. ಇದಕ್ಕಿಂತ ಕೆಟ್ಟ ಜಾಗ ಇಡೀ ಕಟ್ಟಡದಲ್ಲಿ ಇರಲಿಲ್ಲ. ಕೊನೆಗೆ ನೆಲಮಹಡಿಯ ಹಿಂದಿನ ತೆರೆದ ಯುಟಿಲಿಟಿಯಲ್ಲಿ ಇಟ್ಟೆವು.

ಮಾರ್ಚ್ 25ಕ್ಕೆ ಯುಗಾದಿ, ಅವತ್ತೇ ಲಾಕ್‌ಡೌನಿನ ಮೊದಲ ದಿನ. ಪೂಜೆಗೆ ಮೊದಲು ಸ್ಯಾನಿಟೈಸರ್ ಬೇಡ, ಸೋಪಿನಲ್ಲಿ ಕೈ ತೊಳೆಯಿರಿ ಅಂತ ಗುಂಪಿಗೆ ಹಾಕಿದೆ. ಅತಿಯಾಯ್ತು ಅಂತ ಒಂದಿಬ್ಬರು ನಕ್ಕರು. ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೇಶವೆಲ್ಲ ದೀಪ ಹಚ್ಚುವ ಮೊದಲು ಸರ್ಕಾರದ ಕಡೆಯಿಂದಲೇ ಅದೇ ಎಚ್ಚರಿಕೆ ಬಂದಾಗ ನಗು ನಿಂತಿತು.

ಯಾರಿಗೆ, ಎಷ್ಟು

3.3 ಲೀಟರನ್ನು 36 ಮನೆಗೆ ಹಂಚಿದರೆ ಮನೆಗೆ 90 ಮಿ.ಲೀ. ಅದು ಕೇವಲ ಸಮಾಧಾನಕ್ಕೆ. ಒಂದು ಸಲಕ್ಕೆ ಅಂಗೈ ತುಂಬ, ಸುಮಾರು 3 ಮಿ.ಲೀ. ಬೇಕು, ಉಜ್ಜುತ್ತಾ ಆರುವುದಕ್ಕೆ 20ರಿಂದ 30 ಸೆಕೆಂಡ್ ಹಿಡಿಯಬೇಕು. ಹತ್ತು ಸೆಕೆಂಡಿಗೇ ಆರಿತು ಅಂದರೆ ಹಾಕಿಕೊಂಡದ್ದು ಸಾಲದು. ಆ ಲೆಕ್ಕಕ್ಕೆ ನಮ್ಮ ಹತ್ತಿರ ಇದ್ದದ್ದು 1100 ಸಲಕ್ಕೆ ಆಗುವಷ್ಟು. ಮನೆಯೊಳಗೆ ನಲ್ಲಿ ಇದೆ, ಸೋಪಿದೆ. ಕೈಯಲ್ಲಿ ಮಣ್ಣು, ಜಿಡ್ಡು ಇದ್ದರೆ ಆಲ್ಕೋಹಾಲಿಗಿಂತ ಸೋಪೇ ಮೇಲು. ಆದ್ದರಿಂದ ಮನೆಗಳಿಗೆ ಒಂದು ಹನಿಯೂ ಇಲ್ಲ. ನಲ್ಲಿ ಹತ್ತಿರ ಇಲ್ಲದವರಿಗೆ ಮಾತ್ರ: ಗೇಟಿಗೆ, ಲಿಫ್ಟಿಗೆ, ಮತ್ತು ಹಿರಿಯರ ಮನೆಗಳಿಗೆ ತರಕಾರಿ ಔಷಧಿ ತಂದುಕೊಡುತ್ತಿದ್ದ ಹುಡುಗರಿಗೆ.

ಇದಕ್ಕೆ ಗಲಾಟೆ ಆಯಿತು. ದುಡ್ಡು ಎಲ್ಲರದ್ದು, ಬಾಟಲಿ ಯಾಕಿಲ್ಲ ಅಂತ. ಬಾಟಲಿಗಿಷ್ಟು ಅಂತ ಬೆಲೆ ಇಟ್ಟು ಮಾರಿ, ಆ ದುಡ್ಡಲ್ಲಿ ಇನ್ನಷ್ಟು ಮಾಡೋಣ ಅಂತ ಒಬ್ಬರು ಸಲಹೆ ಕೊಟ್ಟರು. ಸ್ಯಾನಿಟೈಸರ್ ಮಾಡಿ ಮಾರುವುದಕ್ಕೆ ಡ್ರಗ್ಸ್ ಲೈಸೆನ್ಸ್ ಬೇಕು. ನಮ್ಮ ಬಳಕೆಗೆ ನಾವು ಮಾಡಿಕೊಳ್ಳುವುದು ಬೇರೆ, ಬೆಲೆಯ ಚೀಟಿ ಅಂಟಿಸುವುದು ಬೇರೆ. ಇನ್ನೊಬ್ಬರು ಇದಕ್ಕೇ ಸ್ವಲ್ಪ ಬ್ಲೀಚಿಂಗ್ ನೀರು ಬೆರೆಸಿ ಹೆಚ್ಚು ಮಾಡೋಣ ಅಂದರು. ಬ್ಲೀಚಿಂಗ್ ಮತ್ತು ಆಲ್ಕೋಹಾಲ್ ಸೇರಿದರೆ ಕ್ಲೋರೋಫಾರಂ ಥರದ ವಿಷಗಳು ಹುಟ್ಟುತ್ತವೆ. ಆ ಸಂದೇಶವನ್ನು ಮಾತ್ರ ನಾನು ಗುಂಪಿನಿಂದ ಅಳಿಸಿ ಅಂತ ಕೇಳಿಕೊಂಡೆ, ಯಾರಾದರೂ ನಿಜವಾಗಲೂ ಮಾಡಿಬಿಟ್ಟಾರು ಅಂತ.

ನನ್ನ ಲೆಕ್ಕದಲ್ಲಿ ಅವತ್ತಿನ ಒಳ್ಳೆಯ ಖರ್ಚು ಸ್ಯಾನಿಟೈಸರ್ ಅಲ್ಲ. ಗೇಟಿನ ಪಕ್ಕ ಗಿಡಕ್ಕೆ ನೀರು ಬಿಡುವ ಪೈಪಿಗೆ ಪ್ಲಂಬರ್ ಒಂದು ನಲ್ಲಿ ಕೂರಿಸಿಕೊಟ್ಟ. ಕೆಳಗೆ ಒಂದು ಬಕೆಟ್, ಮೇಲೆ ದಾರದಲ್ಲಿ ನೇತುಹಾಕಿದ ಸೋಪು. ಹೊರಗಿಂದ ಬಂದವರೆಲ್ಲ ಅಲ್ಲೇ ಕೈ ತೊಳೆಯತೊಡಗಿದ ಮೇಲೆ ಗೇಟಿನ ಬಾಟಲಿ ವಾರಗಟ್ಟಲೆ ಬಂತು.

ಬಾಟಲಿಯ ವಿಷಯದಲ್ಲಿ ನಾನು ಒಂದು ಹಟ ಹಿಡಿದೆ: ಹಳೇ ನೀರಿನ ಬಾಟಲಿ, ಜ್ಯೂಸ್ ಬಾಟಲಿ ಬೇಡವೇ ಬೇಡ. ನಮ್ಮ ಸೂತ್ರದ್ದು ನೋಡುವುದಕ್ಕೆ ಥೇಟ್ ನೀರು. ಗೇಟಿನ ಹುಡುಗರು ಅಸ್ಸಾಮಿನವರು, ಕನ್ನಡ ಓದಲು ಬರುವುದಿಲ್ಲ. ಕನ್ನಡ, ಹಿಂದಿ ಎರಡರಲ್ಲೂ "ಕುಡಿಯಬಾರದು" ಅಂತ ಬರೆದು, ಆಂಟಿಯ ಮೊಮ್ಮಗಳ ಕೈಯಲ್ಲಿ ತಲೆಬುರುಡೆ ಬರೆಸಿ ಅಂಟಿಸಿದೆವು. ಬಾರುಗಳೆಲ್ಲ ಮುಚ್ಚಿದ್ದ ದಿನಗಳವು, ರಾಜ್ಯದಲ್ಲಿ ಮದ್ಯದಂಗಡಿ ಮತ್ತೆ ತೆರೆದದ್ದು ಮೇ 4ಕ್ಕೆ. ಅದೇ ವರ್ಷದ ಜುಲೈ ಕೊನೆಯಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡುವಿನಲ್ಲಿ ಮದ್ಯ ಸಿಗದೆ ಸ್ಯಾನಿಟೈಸರ್ ಕುಡಿದು ಹತ್ತು ಜನಕ್ಕೆ ಕಡಿಮೆ ಇಲ್ಲದಂತೆ ಸತ್ತರು. ತಲೆಬುರುಡೆ ನೋಡಿ ನಕ್ಕಿದ್ದವರು ಆ ಸುದ್ದಿಯನ್ನು ಗುಂಪಿಗೆ ಹಾಕಿದರು.

ಜೆಲ್ ಯಾಕೆ ಬೇಡ

ನೀರಿನಂಥದ್ದು ಯಾರಿಗೂ ಇಷ್ಟವಾಗಲಿಲ್ಲ, ಅದು ನಿಜ. ಬೆರಳ ಸಂದಿಯಿಂದ ಸೋರುತ್ತೆ, ಮೊಣಕೈಗೆ ಇಳಿಯುತ್ತೆ. ಜೆಲ್ ಕೈಯಲ್ಲಿ ನಿಲ್ಲುತ್ತೆ. ಮೇಷ್ಟ್ರಿಗೂ ಆ ಆಸೆ ಹೋಗಿರಲಿಲ್ಲ. ಜೂನ್‌ನಲ್ಲಿ ಎಲ್ಲಿಂದಲೋ ಕಾರ್ಬೋಮರ್ ಪುಡಿ ತರಿಸಿದರು. ಅದನ್ನು ನೀರಿನಲ್ಲಿ ಗಂಟಾಗದಂತೆ ಉದುರಿಸಿ ನೆನೆಸಿ, ಆಲ್ಕೋಹಾಲ್ ಸೇರಿಸಿ, ಕೊನೆಗೆ ಒಂದೆರಡು ತೊಟ್ಟು ಕ್ಷಾರ ಬಿಟ್ಟರೆ ತಟ್ಟನೆ ಗಟ್ಟಿಯಾಗುತ್ತೆ. ಕಾಸ್ಟಿಕ್ ಸೋಡಾ ಹಾಕಿದರೆ ಇಷ್ಟು ಆಲ್ಕೋಹಾಲಿನಲ್ಲಿ ಜೆಲ್ ನಿಲ್ಲುವುದಿಲ್ಲ, ಅಮೈನ್ ಅನ್ನುವ ಬಗೆಯ ಕ್ಷಾರವೇ ಬೇಕು. ಮೇಷ್ಟ್ರು ಅದನ್ನೂ ಹುಡುಕಿ ತಂದಿದ್ದರು. ಬಂದದ್ದು ಅಂಗಡಿಯದ್ದಕ್ಕಿಂತ ಚೆನ್ನಾಗಿತ್ತು. ಕನ್ನಡಿಯ ಹಾಗೆ ತಿಳಿ, ಒಂದು ಗಂಟಿಲ್ಲ. ಬಾಟಲಿ ತಂದು ನನ್ನ ಮುಂದಿಟ್ಟರು.

"ಇದರಲ್ಲಿ ಎಷ್ಟಿದೆ ಮೇಷ್ಟ್ರೇ?" ಅಂತ ಕೇಳಿದೆ.

"72. ಹಾಕಿದ್ದು ನಾನೇ ಅಲ್ವೇನಯ್ಯಾ, ನನಗೆ ಗೊತ್ತಿಲ್ವಾ?"

ಅವರಿಗೆ ಗೊತ್ತಿತ್ತು, ಅನುಮಾನವಿಲ್ಲ. ಆದರೆ ತಿಳಿ ದ್ರವವನ್ನು ತೂಗಿ ನೋಡಬಹುದು, ತೇಲುಗಡ್ಡಿಯ ಆಲ್ಕೋಹಾಲ್ ಮೀಟರ್ ಬಿಟ್ಟು ನೋಡಬಹುದು. ಜೆಲ್ಲಿನಲ್ಲಿ ಮೀಟರ್ ಇಟ್ಟಲ್ಲೇ ನಿಲ್ಲುತ್ತೆ. ಸಿಕ್ಕಿಕೊಂಡ ಗಾಳಿಗುಳ್ಳೆಗಳಿಂದ ತೂಕವೂ ತಪ್ಪು ಹೇಳುತ್ತೆ. ಆಂಟಿಯ ಜೆಲ್ 47ಕ್ಕಿಂತ ಕೆಳಗಿದೆ ಅಂತಲೂ ನಾವು ಕಂಡುಹಿಡಿದದ್ದು ಖಾಲಿ ಬಾಟಲಿಯ ಲೇಬಲ್ಲಿನಿಂದ, ಜೆಲ್ಲಿನಿಂದ ಅಲ್ಲ. ಲೇಬಲ್ ಬಿಸಾಡಿದ್ದರೆ ಅದನ್ನೇ ಇನ್ನೂ ಹಚ್ಚುತ್ತಾ ಇರುತ್ತಿದ್ದೆವು. ಮೇಷ್ಟ್ರ ಜೆಲ್ಲನ್ನು ಮೇಷ್ಟ್ರ ಮನೆಯಲ್ಲಿ ಬಳಸಲಿ, ಗೇಟಿಗೆ ಬೇಡ ಅಂದೆ. ಅವರಿಗೆ ಸಿಟ್ಟು ಬಂತು, ಎರಡು ದಿನ ಮಾತಾಡಲಿಲ್ಲ.

ಅಷ್ಟು ಹೊತ್ತಿಗೆ ಡಿಸ್ಟಿಲರಿಗಳಿಗೂ ಸಕ್ಕರೆ ಕಾರ್ಖಾನೆಗಳಿಗೂ ಸ್ಯಾನಿಟೈಸರ್ ಮಾಡಲು ಅನುಮತಿ ಸಿಕ್ಕಿ, ನಮ್ಮ ರಸ್ತೆಯ ಮೆಡಿಕಲ್ ಶಾಪಿನಲ್ಲಿ 200 ಮಿ.ಲೀ. ಬಾಟಲಿಗಳು 100 ರೂಪಾಯಿಯೊಳಗೇ ಸಾಲಾಗಿ ನಿಂತಿದ್ದವು. ಅಸೋಸಿಯೇಷನ್ ಜೂನ್ ಸಭೆಯಲ್ಲಿ ಇನ್ನು ಮಾಡುವುದು ಬೇಡ, ಕೊಳ್ಳೋಣ ಅಂತ ಬರೆದುಕೊಂಡಿತು. ಕೊಳ್ಳುವಾಗ ನೋಡಬೇಕಾದದ್ದೂ ಅದರಲ್ಲೇ ಇದೆ: ಯಾವ ಆಲ್ಕೋಹಾಲ್, ಶೇಕಡಾ ಎಷ್ಟು, ತಯಾರಕರ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್. ಆ ಸಾಲನ್ನು ಸೇರಿಸಲು ಹೇಳಿದ್ದು ಎರಡನೇ ಮಹಡಿಯವರು.